ಚಂದ್ರಂಪಳ್ಳಿ ಕೆರೆ ಸುತ್ತ ಅವ್ವನನ್ನು ಕರೆದುಕೊಂಡು ನಡೆಯಬಹುದಾ? ಹೋಗಿ ಬಂದವರು ಹೇಳಿ

ತೊಗರಿನಾಡು
ಎಲ್ಲರಿಗೂ ನಮಸ್ಕಾರ. ದೀಪಾವಳಿ ರಜೆಯಲ್ಲಿ ಕಲಬುರಗಿಯಿಂದ ಚಿಂಚೋಳಿ ಕಡೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ಮುಖ್ಯವಾಗಿ ಚಂದ್ರಂಪಳ್ಳಿ ಡ್ಯಾಮ್ ನೋಡಬೇಕು. ಸುತ್ತ ಗುಡ್ಡ, ನಡುವೆ ನೀರು. ಫೋಟೋ ನೋಡಿದ ಮಗಳು ಇದು ಮಲೆನಾಡಾ ಅಂತ ಕೇಳಿದಳು.

ನನ್ನ ಪ್ರಶ್ನೆ ಇಷ್ಟೇ. ಕೆರೆಗೆ ಪೂರ್ತಿ ಒಂದು ಸುತ್ತು ಹಾಕಿ, ಗಾಡಿ ನಿಲ್ಲಿಸಿದ ಜಾಗಕ್ಕೇ ವಾಪಸ್ ಬರುವಂಥ ಸುಲಭದ ಕಾಲುದಾರಿ ಇದೆಯಾ? ಅವ್ವನಿಗೆ 66 ವರ್ಷ. ಮೊಣಕಾಲು ನೋವಿದೆ. ಆದರೆ ದಿನಾ ಬೆಳಿಗ್ಗೆ ಅಪ್ಪನ ಕೆರೆ ದಂಡೆ ಮೇಲೆ ತಪ್ಪದೇ ನಡೆಯುತ್ತಾಳೆ. ಸಮ ನೆಲ ಆದರೆ ಆರಾಮ. ಏರು ಇಳಿಜಾರು ಆಗಲ್ಲ. ಮಕ್ಕಳಿಗೆ 9 ಮತ್ತು 5. ಒಬ್ಬ ಗೆಳೆಯ ಎರಡು ತಾಸಲ್ಲಿ ಸುತ್ತಿ ಬರಬಹುದು ಅಂತಾನೆ. ಇನ್ನೊಬ್ಬ ಆ ಕಡೆ ದಾರಿನೇ ಇಲ್ಲ ಅಂತಾನೆ. ಯಾರ ಮಾತು ಕೇಳಲಿ?

ಬೈಕ್_ಸವಾರ
ಸುತ್ತಬಹುದು ಸರ್. ನಾವು ಹುಡುಗರೆಲ್ಲ ಸೇರಿ ಸುತ್ತಿದ್ದೇವೆ. ಎರಡು ತಾಸು ಸಾಕು. ಭಾಳ ಮಸ್ತ್ ಜಾಗ.

ಮುಲ್ಲಾಮಾರಿ
ಯಾವ ತಿಂಗಳಲ್ಲಿ ಸುತ್ತಿದ್ರಿ?

ಬೈಕ್_ಸವಾರ
ಮೇ ತಿಂಗಳಲ್ಲಿ. ಯಾಕೆ?

ಮುಲ್ಲಾಮಾರಿ
ಅಲ್ಲೇ ಇರುವುದು ವಿಷಯ. ಇದು ದೇವರು ಕೊಟ್ಟ ಸರೋವರ ಅಲ್ಲ, ಹಳ್ಳಕ್ಕೆ ಅಡ್ಡ ಒಡ್ಡು ಹಾಕಿ ನಿಲ್ಲಿಸಿದ ನೀರು. ಜಲಾಶಯಕ್ಕೆ ಗಟ್ಟಿ ದಂಡೆ ಅಂತ ಒಂದು ಇರುವುದಿಲ್ಲ. ಮೇ ತಿಂಗಳಲ್ಲಿ ನೀರು ಒಳಗೆ ಸರಿದಿರುತ್ತದೆ. ಆಗ ಒಣಗಿದ ಕೆರೆ ಅಂಗಳದಲ್ಲಿ ನಡೆದು ಹಳ್ಳದ ಬಾಯಿಗಳನ್ನೆಲ್ಲ ದಾಟಿಬಿಡಬಹುದು. ದೀಪಾವಳಿ ಹೊತ್ತಿಗೆ ಮಳೆ ಚೆನ್ನಾಗಿ ಆಗಿದ್ದರೆ ಅದೇ ಜಾಗದಲ್ಲಿ ನೀರು ಗಿಡಗಳ ಬುಡಕ್ಕೆ ಬಂದು ನಿಂತಿರುತ್ತದೆ. ಗುಡ್ಡದ ಸಂದಿಯಲ್ಲೆಲ್ಲ ನೀರು ಬೆರಳು ಚಾಚಿದ ಹಾಗೆ ಒಳಗೆ ಹೋಗಿರುತ್ತದೆ. ಆ ಪ್ರತಿ ಬೆರಳನ್ನೂ ಸುತ್ತಿಕೊಂಡು ಹೋಗಬೇಕು. ಎರಡು ತಾಸಿನ ದಾರಿ ಅರ್ಧ ದಿನ ಆಗುತ್ತದೆ. ಅದೂ ಗುಡ್ಡದ ಪಕ್ಕೆಯಲ್ಲಿ, ಮುಳ್ಳಿನ ಗಿಡಗಳ ನಡುವೆ.

ತೊಗರಿನಾಡು ಅವರೇ, ನಿಮ್ಮ ಇಬ್ಬರೂ ಗೆಳೆಯರು ನಿಜ ಹೇಳಿದ್ದಾರೆ. ಹೋದ ಕಾಲ ಬೇರೆ, ಅಷ್ಟೇ.

ನನ್ನ ಸಲಹೆ: ಪೂರ್ತಿ ಸುತ್ತಿನ ಯೋಚನೆ ಬಿಡಿ. ದಂಡೆ ಹಿಡಿದು ಸಮ ಇರುವಷ್ಟು ದೂರ ಹೋಗಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಹೋಗುವಾಗ ಕಾಣದ್ದು ಬರುವಾಗ ಕಾಣುತ್ತದೆ. ಬೆಳಕು ಬದಲಾಗಿರುತ್ತದೆ, ಗುಡ್ಡ ಬೇರೆ ಕಡೆಯಿಂದ ಎದುರಾಗುತ್ತದೆ. ಅವ್ವನಿಗೆ ಸಾಕು ಅನ್ನಿಸಿದ ಕಡೆ ತಿರುಗಬಹುದು. ಸುತ್ತು ದಾರಿಯಲ್ಲಿ ಅರ್ಧಕ್ಕೆ ಹೋದ ಮೇಲೆ ಆ ಅನುಕೂಲ ಇರಲ್ಲ ಅಲ್ವಾ?

ಜೋಳದರೊಟ್ಟಿ
ಮುಲ್ಲಾಮಾರಿ ಅಣ್ಣನ ಮಾತು ನೂರಕ್ಕೆ ನೂರು ನಿಜ. ನಾನೂ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ, ಅವರಿಗೂ ಮೊಣಕಾಲಿನದೇ ತೊಂದರೆ.

ತೊಗರಿನಾಡು ಅಣ್ಣಾ, ನೀವು ಸಮ ನೆಲ ಅಂತ ಕೇಳಿದ್ದೀರಿ. ನೆಲ ಸಮ ಇದ್ದರೆ ಸಾಲದು, ಮೇಲೆ ಏನಿದೆ ಅಂತಲೂ ನೋಡಬೇಕು. ಅಲ್ಲಿ ಕೆಂಪು ಮಣ್ಣಿನ ಮೇಲೆ ಸಣ್ಣ ಸಣ್ಣ ಗುಂಡು ಹರಳು ಹರಡಿಕೊಂಡಿರುತ್ತವೆ. ಕಡಲೆಯಿಂದ ಬಾರಿಕಾಯಿ ಗಾತ್ರದವರೆಗೂ ಇರುತ್ತವೆ. ಮೇಲೆ ಕಾಲಿಟ್ಟರೆ ಹರಳು ಉರುಳುತ್ತದೆ, ಚಪ್ಪಲಿ ಅದರ ಜತೆ ಹೋಗುತ್ತದೆ. ಏರುವಾಗ ಗೊತ್ತಾಗಲ್ಲ, ಇಳಿಯುವಾಗ ಗೊತ್ತಾಗುತ್ತದೆ. ಅತ್ತೆಯವರು ರಬ್ಬರ್ ಚಪ್ಪಲಿ ಹಾಕಿದ್ದರು. ಒಂದು ಮೊಳ ಎತ್ತರದ ಇಳಿಜಾರಿನಲ್ಲಿ ಜಾರಿ ಕುಳಿತೇಬಿಟ್ಟರು. ಪುಣ್ಯಕ್ಕೆ ಏನೂ ಆಗಲಿಲ್ಲ.

ಅವ್ವನಿಗೆ ಹಿಂದೆ ಪಟ್ಟಿ ಇರುವ, ತಳ ಒರಟಾಗಿರುವ ಚಪ್ಪಲಿ ಅಥವಾ ಬೂಟು ಹಾಕಿಸಿ. ಒಂದು ಕೋಲು ಇರಲಿ. ಇಳಿಯುವಾಗ ನೀವು ಅವರಿಗಿಂತ ಕೆಳಗೆ ನಿಂತು ಕೈ ಕೊಡಿ, ಮೇಲಿನಿಂದ ಹಿಡಿಯಬೇಡಿ.

ಕೆಮ್ಮಣ್ಣು_ಬೀದರ್
ಆ ಗುಂಡು ಹರಳು ನಮ್ಮ ಬೀದರಿನಲ್ಲೂ ಇವೆ ಅಕ್ಕಾ. ಜಂಬಿಟ್ಟಿಗೆ ಕಲ್ಲಿನ ನೆಲ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇರುತ್ತವೆ. ಕೋಟೆ ಸುತ್ತ ನಡೆದವರಿಗೆ ಗೊತ್ತು.

ಯರಿಹೊಲ
ಕೆಂಪು ನೆಲದ ಕಥೆ ಹೇಳಿದ್ರಿ, ಕಪ್ಪು ನೆಲದ್ದು ಬಿಟ್ರಿ. ಹಿಂದಿನ ದಿನ ಮಳೆ ಬಿದ್ದಿದ್ದರೆ ರಸ್ತೆ ಬಿಟ್ಟು ಗಾಡಿ ಒಳಗೆ ಇಳಿಸಲೇಬೇಡಿ. ಯರಿ ಮಣ್ಣು ಚಕ್ರಕ್ಕೆ ಮೆತ್ತಿ ಮಡ್‌ಗಾರ್ಡ್ ತುಂಬಿ ಗಾಡಿ ಅಲ್ಲೇ ನಿಲ್ಲುತ್ತದೆ. ಟ್ರ್ಯಾಕ್ಟರ್ ಬರುವ ತನಕ ಕಾಯಬೇಕು.

ಹಕ್ಕಿನೋಟ
ಒಂದು ಮುಖ್ಯ ವಿಷಯ ಯಾರೂ ಹೇಳಿಲ್ಲ. ಈ ಜಲಾಶಯ ಇರುವುದು ಚಿಂಚೋಳಿ ವನ್ಯಜೀವಿ ಅಭಯಾರಣ್ಯದ ನಡುವೆ. 2011ರಲ್ಲಿ ಘೋಷಣೆ ಆಗಿದ್ದು, ಸುಮಾರು 135 ಚದರ ಕಿ.ಮೀ. ದಕ್ಷಿಣ ಭಾರತದ ಮೊದಲ ಒಣಭೂಮಿ ಅಭಯಾರಣ್ಯ ಅಂತ ಹೆಸರು. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡುಕುರಿ ಎಲ್ಲ ಈ ಕಾಡಿನವು. ಬೇಸಿಗೆಯಲ್ಲಿ ಸುತ್ತಲಿನ ಹಳ್ಳ ಒಣಗಿದ ಮೇಲೆ ಅವಕ್ಕೆಲ್ಲ ಇಂಥ ನೀರೇ ಗತಿ.

ಆದ್ದರಿಂದ ಕೆರೆಯ ಹಿಂಭಾಗಕ್ಕೆ ನಾವು ಹೋಗಬಹುದಾ ಅನ್ನುವುದಕ್ಕಿಂತ, ಹೋಗಬೇಕಾ ಅಂತ ಮೊದಲು ಕೇಳಿಕೊಳ್ಳಿ. ನಾವು ಒಂದು ದಡದಲ್ಲಿ ಇದ್ದರೆ ಪ್ರಾಣಿಗಳಿಗೆ ಇನ್ನೊಂದು ದಡ ಉಳಿಯುತ್ತದೆ. ನಾಲ್ಕೂ ಕಡೆ ಜನ ಸುತ್ತಿದರೆ ಅವು ನೀರಿಗೆ ಬರುವುದು ಯಾವಾಗ? ಸುತ್ತು ದಾರಿ ಇಲ್ಲದಿರುವುದೇ ಈ ಜಾಗಕ್ಕೆ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೈಕ್_ಸವಾರ
ಸರ್, ನಾವು ಸುತ್ತಿದಾಗ ಒಂದು ನರಿನೂ ಕಾಣಲಿಲ್ಲ. ದನ ಮಾತ್ರ ಇದ್ದವು.

ಹಕ್ಕಿನೋಟ
ಹುಡುಗರ ಗುಂಪು ಮಾತಾಡಿಕೊಂಡು ಬಂದರೆ ಕಾಣುವುದಿಲ್ಲ ಸರ್. ಅವು ನಿಮ್ಮನ್ನು ನೋಡಿರುತ್ತವೆ. ಬೆಳಿಗ್ಗೆ ನೀರಿನ ಅಂಚಿನ ಹಸಿ ಮಣ್ಣು ನೋಡಿ. ರಾತ್ರಿ ಯಾರು ಯಾರು ಬಂದಿದ್ದರು ಅಂತ ಹೆಜ್ಜೆ ಗುರುತು ಹೇಳುತ್ತವೆ. ಮಕ್ಕಳಿಗೆ ಅದನ್ನು ತೋರಿಸಿ, ಭಾಳ ಖುಷಿ ಪಡುತ್ತಾರೆ. ನವಿಲಿನ ಮೂರು ಬೆರಳು, ಕಾಡುಹಂದಿಯ ಸೀಳು ಗೊರಸು. ನಾಯಿ ಹೆಜ್ಜೆ ಇದ್ದರೆ ಪಕ್ಕದಲ್ಲಿ ಮನುಷ್ಯನ ಹೆಜ್ಜೆ ಇದೆಯಾ ಹುಡುಕಿ. ಇಲ್ಲದಿದ್ದರೆ ತೋಳ ಇರಬಹುದು.

ರಾಜಾಪುರ_ಹುಡುಗಿ
ಅಂದರೆ ಪರ್ಮಿಷನ್ ಬೇಕಾ? ನಾವು ಸುಮ್ನೆ ಹೋಗಿ ಬಂದೆವು, ಯಾರೂ ಕೇಳಲಿಲ್ಲ.

ಹಕ್ಕಿನೋಟ
ಕೇಳಲಿಲ್ಲ ಅಂದರೆ ಬೇಡ ಅಂತಲ್ಲ ತಂಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದ ಒಳಗೆ ಹೋಗಲು ಅನುಮತಿ ಬೇಕು. 27ನೇ ಸೆಕ್ಷನ್ ಪ್ರವೇಶ ತಡೆಯುತ್ತದೆ, 28ನೇ ಸೆಕ್ಷನ್ ಪ್ರವಾಸ, ಫೋಟೋ, ಅಧ್ಯಯನ ಇಂಥವಕ್ಕೆ ಅನುಮತಿ ಕೊಡಲು ಅವಕಾಶ ಮಾಡುತ್ತದೆ. ಬೆಂಕಿ ಹಚ್ಚುವುದು 30ನೇ ಸೆಕ್ಷನ್‌ನಲ್ಲಿ ಅಪರಾಧ. ಒಲೆ ಹೂಡಿ ಅಡುಗೆ ಮಾಡೋಣ ಅಂತ ಹೋಗುವವರು ಇದನ್ನು ಓದಿಕೊಳ್ಳಬೇಕು. ಒಣ ಹುಲ್ಲಿನ ಕಾಡು ಅದು. ಒಂದು ಕಿಡಿ ಸಾಕು.

ಹೋಗುವ ಮುಂಚೆ ಚಿಂಚೋಳಿಯಲ್ಲಿ ಅರಣ್ಯ ಇಲಾಖೆಯವರನ್ನು ಕೇಳಿ. ಎಲ್ಲಿಯವರೆಗೆ ಬಿಡುತ್ತಾರೆ, ಎಷ್ಟು ಹೊತ್ತಿಗೆ ಹೊರಗೆ ಬರಬೇಕು ಅಂತ ಅವರೇ ಹೇಳುತ್ತಾರೆ. ಆಗ ನಿಮಗೂ ಧೈರ್ಯ.

ಗುಡ್ಡದಾಚೆ
ನಾನು ಈಗ ಹೈದರಾಬಾದಿನಲ್ಲಿ ಇರುವವನು, ಮೂಲ ಸೇಡಂ. ನನಗೆ ಬೇಸರ ಆಗುವುದು ಇದೇ ವಿಷಯಕ್ಕೆ. ವಿಕಾರಾಬಾದ್ ಹತ್ತಿರ ಅನಂತಗಿರಿ ಗುಡ್ಡ ಇದೆ. ಅಲ್ಲೇ ಹತ್ತಿರ ಕೋಟಪಲ್ಲಿ ಜಲಾಶಯದಲ್ಲಿ ಕಯಾಕ್ ಬಿಡುತ್ತಾರೆ. ಶನಿವಾರ ಭಾನುವಾರ ಕಾರು ನಿಲ್ಲಿಸಲು ಜಾಗ ಇರಲ್ಲ. ಅಲ್ಲಿಯ ಜನಕ್ಕೆ ನಾಲ್ಕು ಕಾಸು ಸಿಗುತ್ತದೆ. ನಮ್ಮ ಚಂದ್ರಂಪಳ್ಳಿ ಅದಕ್ಕಿಂತ ಚೆಂದ. ಆದರೂ ವಯಸ್ಸಾದ ತಾಯಿಯನ್ನು ಕರೆದುಕೊಂಡು ಹೋಗಬಹುದಾ ಅಂತ ಒಬ್ಬ ಮಗ ಇಲ್ಲಿ ಬಂದು ಕೇಳಬೇಕು.

ಒಂದು ಎರಡು ಕಿ.ಮೀ. ಫರಸಿ ಹಾಸಿದ ದಾರಿ ಮಾಡಿ. ಕಲ್ಲು ನಮ್ಮ ಶಹಾಬಾದಿನದೇ ಇದೆ. ಅಲ್ಲಲ್ಲಿ ಕೂರಲು ಕಟ್ಟೆ, ನೆರಳು, ಶೌಚಾಲಯ, ಗಾಲಿ ಕುರ್ಚಿ ಹೋಗುವಷ್ಟು ಅಗಲ. ನೀರಿಗೆ ಇಳಿಯುವ ಕಡೆ ಕಂಬಿ. ಇದರಿಂದ ಯಾವ ತೋಳಕ್ಕೆ ತೊಂದರೆ? ಕಾಡು ನೋಡುವ ಹಕ್ಕು ಗಟ್ಟಿ ಕಾಲು ಇದ್ದವರಿಗೆ ಮಾತ್ರನಾ?

ಜೋಳದರೊಟ್ಟಿ
ಕೊನೇ ಮಾತು ನನಗೆ ತಟ್ಟಿತು ರೀ.

ಹಕ್ಕಿನೋಟ
ಶೌಚಾಲಯ, ನೆರಳು, ಕಟ್ಟೆ, ಇವು ಬೇಕೇ ಬೇಕು. ಡ್ಯಾಮ್ ಹತ್ತಿರ ಮಾಡಲಿ, ನನ್ನ ತಕರಾರು ಇಲ್ಲ. ಆದರೆ ಫರಸಿ ದಾರಿ ಒಂದು ಸಲ ಶುರು ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ದಾರಿ ಬಂದರೆ ದೀಪ ಬರುತ್ತದೆ. ದೀಪ ಬಂದರೆ ರಾತ್ರಿ ಜನ ಬರುತ್ತಾರೆ, ಹಿಂದೆಯೇ ಸ್ಪೀಕರ್ ಬರುತ್ತದೆ. ಅನಂತಗಿರಿಯಲ್ಲಿ ಭಾನುವಾರ ಸಂಜೆ ರಸ್ತೆ ಬದಿ ಬಾಟಲಿ ಎಷ್ಟು ಬಿದ್ದಿರುತ್ತವೆ, ನೀವೇ ನೋಡಿರುತ್ತೀರಿ.

ಗುಡ್ಡದಾಚೆ
ಬಾಟಲಿ ಎಸೆಯುವವರು ದಾರಿ ಇಲ್ಲದಿದ್ದರೂ ಎಸೆಯುತ್ತಾರೆ ಸರ್. ದಾರಿ ಇದ್ದರೆ ಕಾವಲಿಗೆ ಒಬ್ಬ ಇರುತ್ತಾನೆ. ಈಗ ಯಾರಿದ್ದಾರೆ?

ಮುಲ್ಲಾಮಾರಿ
ಇಬ್ಬರಿಗೂ ಒಂದು ಮಾತು. ನೀರಿನ ಅಂಚಿಗೆ ಫರಸಿ ಹಾಸಿದರೆ ತುಂಬಿದ ವರ್ಷ ಅದು ಮುಳುಗುತ್ತದೆ. ಕಡಿಮೆ ಮಳೆ ಆದ ವರ್ಷ ನೀರು ಎಲ್ಲೋ ಇರುತ್ತದೆ, ದಾರಿ ಎಲ್ಲೋ ಇರುತ್ತದೆ. ಮುಳುಗದ ಹಾಗೆ ಮಾಡಬೇಕು ಅಂದರೆ ಗುಡ್ಡದ ಪಕ್ಕೆ ಕಡಿಯಬೇಕು. ಕಡಿದ ಮಣ್ಣು ಮುಂದಿನ ಮಳೆಗೆ ಕೆರೆಗೇ ಇಳಿಯುತ್ತದೆ. ಇದು ನೀರಾವರಿಗೆ ಅಂತ ಕಟ್ಟಿದ ಡ್ಯಾಮ್. ಕೆಳಗೆ ರೈತರಿದ್ದಾರೆ. ಹೂಳು ತುಂಬಿದರೆ ಅವರ ಪಾಲಿನ ನೀರು ಕಡಿಮೆ ಆಗುತ್ತದೆ. ಒಡ್ಡಿನ ಹತ್ತಿರ ಸಣ್ಣ ತುಂಡು ದಾರಿ ಮಾಡಬಹುದು, ಅದು ವಯಸ್ಸಾದವರಿಗೆ ಸಾಕು. ಪೂರ್ತಿ ಸುತ್ತು ಬೇಡ.

ತಾಂಡಾದವ
ನಾನು ಆ ಕಡೆಯ ತಾಂಡಾದವನು. ನಿಮ್ಮ ಚರ್ಚೆ ಮೊದಲಿಂದ ಓದಿದೆ. ದಾರಿ ಇದೆಯಾ ಇಲ್ವಾ ಅಂತ ಕೇಳುತ್ತಿದ್ದೀರಿ. ದಾರಿ ಇದೆ. ನಮ್ಮ ದನಗಳು, ಎಮ್ಮೆ, ಆಡು ನಡೆದು ಆದ ದಾರಿ. ನನ್ನ ಅಜ್ಜ, ಅಪ್ಪ ಎಲ್ಲ ಅದರಲ್ಲೇ ನಡೆದರು. ಅದು ಕೆರೆ ಸುತ್ತಲಿಕ್ಕೆ ಆದ ದಾರಿ ಅಲ್ಲ. ಮೇವು ಇರುವ ಕಡೆ ಹೋಗುತ್ತದೆ, ನೀರು ಇರುವ ಕಡೆ ಇಳಿಯುತ್ತದೆ. ಹೊಸಬರು ಅದನ್ನೇ ನಂಬಿ ಹೋಗುತ್ತಾರೆ. ಸ್ವಲ್ಪ ದೂರ ಹೋದ ಮೇಲೆ ದಾರಿ ನಾಲ್ಕು ಆಗುತ್ತದೆ. ಸಂಜೆ ಹೊತ್ತು ಹಾಗೆ ಹೋದವರನ್ನು ನಮ್ಮ ಹುಡುಗರು ಬ್ಯಾಟರಿ ಹಿಡಿದು ಕರೆದುಕೊಂಡು ಬಂದದ್ದು ಇದೆ. ಕಾಡೊಳಗೆ ಫೋನ್ ಸಿಗ್ನಲ್ ನಂಬಬೇಡಿ.

ಅಭಯಾರಣ್ಯ ಆದ ಮೇಲೆ ನಮಗೆ ಸೌದೆಗೆ ನಿಯಮ, ಮೇವಿಗೆ ನಿಯಮ. ಕಾಡು ಉಳಿಯಬೇಕು ಅಂತ ನಮಗೂ ಇದೆ, ಅದರಿಂದಲೇ ನಾವು ಬದುಕಿದ್ದು. ಆದರೆ ನಮಗೆ ಒಣ ಕಟ್ಟಿಗೆ ತರಬೇಡ ಅಂತ ಹೇಳುವವರು, ಊರಿನಿಂದ ಬಂದವರು ದಂಡೆಯಲ್ಲಿ ಕೋಳಿ ಸುಟ್ಟು ಪ್ಲಾಸ್ಟಿಕ್ ಬಿಟ್ಟು ಹೋದರೆ ಯಾಕೆ ಸುಮ್ಮನಿರಬೇಕು? ಉಪ್ಪು ಖಾರ ಹತ್ತಿದ ಚೀಲವನ್ನು ದನ ನೆಕ್ಕುತ್ತವೆ, ಆಮೇಲೆ ಚೀಲ ಸಮೇತ ನುಂಗುತ್ತವೆ. ನಮ್ಮ ಮನೆಯ ಒಂದು ಆಕಳು ಹೊಟ್ಟೆ ಉಬ್ಬಿ ಸತ್ತಿತು. ಡಾಕ್ಟರು ಹೊಟ್ಟೆಯಿಂದ ತೆಗೆದ ಪ್ಲಾಸ್ಟಿಕ್ ಒಂದು ಬುಟ್ಟಿ ಇತ್ತು.

ನಮ್ಮ ಹುಡುಗರು ಪುಣೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಬಂದವರನ್ನು ನಡೆಸಿಕೊಂಡು ಹೋಗುವ ಕೆಲಸ ಅವರಿಗೇ ಕೊಡಲಿ. ದಾರಿ ತಪ್ಪುವುದಿಲ್ಲ, ಬಾಟಲಿ ಬೀಳುವುದಿಲ್ಲ. ಫರಸಿಗೆ ಹಾಕುವ ದುಡ್ಡು ಅದಕ್ಕೆ ಹಾಕಲಿ.

ರಾಜಾಪುರ_ಹುಡುಗಿ
ಅಣ್ಣಾ, ನಿಮ್ಮ ಮಾತಿಗೆ ಎರಡು ಮಾತಿಲ್ಲ. ಮುಂದಿನ ಸಲ ಬಂದಾಗ ಕಸದ ಚೀಲ ತಂದು ನಮ್ಮದೂ ಬೇರೆಯವರದೂ ಎತ್ತಿಕೊಂಡು ಹೋಗುತ್ತೇವೆ.

ಗುಡ್ಡದಾಚೆ
ತಾಂಡಾದವ ಅಣ್ಣಾ, ಇದು ನನಗೂ ಒಪ್ಪಿಗೆ. ಗೈಡ್ ಕೆಲಸ ನಿಮ್ಮವರಿಗೇ ಸಿಗಬೇಕು. ಆದರೆ ಶೌಚಾಲಯ ಮತ್ತು ಒಡ್ಡಿನ ಹತ್ತಿರದ ತುಂಡು ದಾರಿ, ಇವೆರಡನ್ನು ನಾನು ಬಿಡಲ್ಲ. ಹೆಣ್ಣುಮಕ್ಕಳು ಬಂದರೆ ಎಲ್ಲಿಗೆ ಹೋಗಬೇಕು?

ತಾಂಡಾದವ
ಅದು ಆಗಬೇಕು. ನಮ್ಮ ಹೆಣ್ಣುಮಕ್ಕಳಿಗೂ ಆಗುತ್ತದೆ.

ಕಾಳಗಿ_ಕಡೆಯವ
ಇಷ್ಟೆಲ್ಲ ತಾಪತ್ರಯ ಯಾಕೆ? ಎತ್ತಿಪೋತಲ ಜಲಪಾತಕ್ಕೆ ಹೋಗಿ. ಮೆಟ್ಟಿಲು, ಪಾರ್ಕು, ಎಲ್ಲ ಇದೆ. ಮೊಸಳೆನೂ ನೋಡಬಹುದು.

ಮುಲ್ಲಾಮಾರಿ
ಮೊಸಳೆ ಇರುವ ಎತ್ತಿಪೋತಲ ನಾಗಾರ್ಜುನಸಾಗರದ ಹತ್ತಿರ, ಆಂಧ್ರದಲ್ಲಿ. ನಮ್ಮ ಚಿಂಚೋಳಿಯದು ಎತ್ತಿಪೋತ. ಹೆಸರು ನೋಡಿ ಗೂಗಲ್ ಮ್ಯಾಪ್ ಒತ್ತಿದವರು ಆ ಕಡೆ ಹೊರಟುಬಿಡುತ್ತಾರೆ, ಜಿಲ್ಲೆ ನೋಡಿ ಒತ್ತಿ. ನಮ್ಮದಕ್ಕೆ ಮಳೆಗಾಲದಲ್ಲಿ ಮಾತ್ರ ಚೆಂದ. ಬಂಡೆ ಮೇಲೆ ಪಾಚಿ ಇರುತ್ತದೆ, ಮೊಣಕಾಲು ನೋವಿನವರಿಗೆ ಅಲ್ಲ.

ಕಾಳಗಿ_ಕಡೆಯವ
ಸರಿ ಹಾಗಾದರೆ ಗೊಟ್ಟಂಗೊಟ್ಟ? ದೇವಸ್ಥಾನ ಇದೆ, ಹಳ್ಳ ಇದೆ, ನೆರಳೂ ಇದೆ.

ಜೋಳದರೊಟ್ಟಿ
ಗೊಟ್ಟಂಗೊಟ್ಟ ಒಳ್ಳೆಯ ಮಾತು. ಬಕ್ಕಪ್ರಭುಗಳ ದರ್ಶನವೂ ಆಗುತ್ತದೆ, ವಯಸ್ಸಾದವರಿಗೆ ಸಮಾಧಾನ. ಆದರೆ ಎರಡನ್ನೂ ಒಂದೇ ದಿನ ತುರುಕಬೇಡಿ. ಮಕ್ಕಳು ಕಿರಿಕಿರಿ ಮಾಡುತ್ತಾರೆ.

ಕೆಮ್ಮಣ್ಣು_ಬೀದರ್
ಸಮ ನೆಲವೇ ಬೇಕು ಅಂದರೆ ನಮ್ಮ ಬೀದರಿಗೆ ಬನ್ನಿ ಅಣ್ಣಾ. ಪಾಪನಾಶ ಕೆರೆ ಊರಿಗೆ ಅಂಟಿಕೊಂಡೇ ಇದೆ. ಪಾಪನಾಶ ಶಿವಲಿಂಗವನ್ನು ರಾಮ ಲಂಕೆಯಿಂದ ಮರಳುವಾಗ ಸ್ಥಾಪಿಸಿದ ಅಂತ ನಂಬಿಕೆ. ಶಿವರಾತ್ರಿಗೆ ಕಾಲಿಡಲು ಜಾಗ ಇರಲ್ಲ. ಉಳಿದ ದಿನ ಬೆಳಿಗ್ಗೆ ಶಾಂತವಾಗಿರುತ್ತದೆ. ದರ್ಶನ ಮಾಡಿ, ದಂಡೆಯಲ್ಲಿ ಅವ್ವನ ಜತೆ ನಿಧಾನ ನಡೆದು, ನಾನಕ್ ಝೀರಾದಲ್ಲಿ ಲಂಗರ್ ಊಟ ಮಾಡಿ, ಮಧ್ಯಾಹ್ನ ಕೋಟೆ ನೋಡಬಹುದು. ದೊಡ್ಡ ನೀರು ನೋಡಬೇಕು ಅಂದರೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ ಕಾರಂಜಾ ಜಲಾಶಯ ಇದೆ.

ಯರಿಹೊಲ
ಕಾರಂಜಾ ದೊಡ್ಡದು ನಿಜ, ಆದರೆ ಗುಡ್ಡ ಎಲ್ಲಿದೆ? ಬಯಲಲ್ಲಿ ನೀರು ನಿಂತಿದೆ. ನಮ್ಮ ಬೆಣ್ಣೆತೊರಾ, ಅಮರ್ಜಾ, ಗಂಡೋರಿ ನಾಲಾ ಎಲ್ಲ ಹಾಗೇ. ಗುಡ್ಡಗಳ ನಡುವೆ ನೀರು ಬೇಕು ಅಂದರೆ ಚಂದ್ರಂಪಳ್ಳಿಗೇ ಬರಬೇಕು.

ಮುಲ್ಲಾಮಾರಿ
ಸ್ವಲ್ಪ ಬೇರೆ ವಿಷಯ, ಆದರೆ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕಾರಂಜಾ ನೀರು ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ಚಿಂಚೋಳಿಯ ಮುಲ್ಲಾಮಾರಿ ಕಾಗಿಣಾ ಸೇರುತ್ತದೆ. ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ. ಪಕ್ಕಪಕ್ಕದ ಜಿಲ್ಲೆ, ಒಂದೇ ಮೋಡದ ಮಳೆ. ಬೀದರಿನ ಕಡೆ ಬಿದ್ದ ಹನಿ ಒಂದು ನದಿಗೆ, ಈ ಕಡೆ ಬಿದ್ದದ್ದು ಇನ್ನೊಂದಕ್ಕೆ. ಬೀದರ್ ಜಿಲ್ಲೆಯಲ್ಲೇ ಎರಡೂ ಇದೆ. ಮುಲ್ಲಾಮಾರಿ ಹುಟ್ಟುವುದು ಬಸವಕಲ್ಯಾಣದ ಕಡೆ.

ಕೆಮ್ಮಣ್ಣು_ಬೀದರ್
ಅಂದರೆ ನಿಮ್ಮ ನೀರು ನಮ್ಮದೇ ಅಂತಾಯ್ತು 😄

ಸಗರನಾಡು
ಎಲ್ಲರೂ ಕಲಬುರಗಿ ಬೀದರ್ ಅಂತಿದ್ದೀರಿ. ಯಾದಗಿರಿ ಜಿಲ್ಲೆ ಒಂದು ಇದೆ. ಸುರಪುರದ ಹತ್ತಿರ ಬೋನಾಳ ಕೆರೆಗೆ ಹೋಗಿ. ಸುರಪುರ ಅರಸರ ಕಾಲದ ಕೆರೆ. ಬಣ್ಣದ ಕೊಕ್ಕರೆ, ನೇರಳೆ ಜಂಬುಕೋಳಿ, ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು. ಕೆರೆ ಏರಿ ಮೇಲೆ ನಿಂತರೆ ಸಾಕು, ಹಕ್ಕಿ ಕಣ್ಣೆದುರಿಗೇ ಇರುತ್ತವೆ. ಬೆಟ್ಟ ಬೇಕು ಅಂದರೆ ಶಹಾಪುರದ ಮಲಗಿದ ಬುದ್ಧ ಇದ್ದಾನೆ. ಅದಕ್ಕೆ ಹತ್ತಲೇಬೇಕಾಗಿಲ್ಲ. ಭೀಮರಾಯನಗುಡಿ ಕಡೆಯ ರಸ್ತೆಯಿಂದ ಹಣೆ, ಮೂಗು, ಎದೆ ಎಲ್ಲ ಕಾಣುತ್ತದೆ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಕೂಡ ಇದೆ, 1840ರ ದಶಕದಲ್ಲಿ ಅಲ್ಲಿದ್ದ ಮೆಡೋಸ್ ಟೇಲರ್ ಸಾಹೇಬರ ಬಂಗಲೆ.

ಹಕ್ಕಿನೋಟ
ಬೋನಾಳಕ್ಕೆ ಡಿಸೆಂಬರ್, ಜನವರಿ ಒಳ್ಳೆಯದು. ದೀಪಾವಳಿಗೆ ಹೆಬ್ಬಾತು ಇನ್ನೂ ಪೂರ್ತಿ ಬಂದಿರಲ್ಲ.

ತೊಗರಿನಾಡು
ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿದ್ದಕ್ಕೆ ಧನ್ಯವಾದ. ಅವ್ವನಿಗೆ ಓದಿ ಹೇಳಿದೆ. ತಾಂಡಾದವ ಅಣ್ಣನ ಆಕಳ ಸುದ್ದಿ ಕೇಳಿ ಅವಳು ಎರಡು ಸಲ ಓದಿಸಿದಳು. ಚಂದ್ರಂಪಳ್ಳಿಗೇ ಹೋಗುತ್ತೇವೆ, ಪೂರ್ತಿ ಸುತ್ತು ಬೇಡ ಅಂತ ತೀರ್ಮಾನ.

ಇನ್ನು ಮೂರು ವಿಷಯ ಹೇಳಿ. ಮಕ್ಕಳು ನೀರಿಗೆ ಇಳಿಯಬಹುದಾ? ಎಷ್ಟು ಹೊತ್ತಿಗೆ ಮುಟ್ಟಿದರೆ ಒಳ್ಳೆಯದು? ನನ್ನ ತಂಗಿ ಬಸ್ಸಿನಲ್ಲಿ ಬರುತ್ತಾಳಂತೆ, ಆಗುತ್ತಾ?

ಸಿಸ್ಟರ್_ಅಕ್ಕ
ನಾನು ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡುವವಳು. ಮೊದಲನೆಯ ಪ್ರಶ್ನೆಗೆ ಉತ್ತರ: ಬೇಡ. ಮೊಣಕಾಲುದ್ದವೂ ಬೇಡ. ಜಲಾಶಯದ ಅಂಚು ಹೊಳೆಯ ಮೆಟ್ಟಿಲಿನ ಹಾಗೆ ಅಲ್ಲ. ಎರಡು ಹೆಜ್ಜೆ ಸಮ ಇರುತ್ತದೆ, ಮೂರನೆಯದಕ್ಕೆ ಆಳ. ಕೆಳಗೆ ಹೂಳು ಇದ್ದರೆ ಕಾಲು ಹೂತುಕೊಳ್ಳುತ್ತದೆ. ಎಳೆಯಲು ಹೋದವರೂ ಒಳಗೆ ಹೋಗುತ್ತಾರೆ. ತೂಬಿನ ಹತ್ತಿರ, ಕೋಡಿ ಹರಿಯುವ ಕಡೆ ಮಕ್ಕಳನ್ನು ಕೈ ಬಿಡಲೇಬೇಡಿ. ರಜೆ ಮುಗಿದ ಮೇಲೆ ಇಂಥ ಮನೆಗಳ ಅಳು ನಾವು ಕೇಳುತ್ತೇವೆ. ಅದಕ್ಕೇ ಇಷ್ಟು ಕಟುವಾಗಿ ಬರೆಯುತ್ತಿದ್ದೇನೆ.

ಯಾರಾದರೂ ಬಿದ್ದರೆ ಈಜು ಬಾರದವರು ಹಾರಬೇಡಿ. ಸೀರೆ, ಹಗ್ಗ, ಉದ್ದ ಕೋಲು ಎಸೆಯಿರಿ. ನಾಲ್ಕಾರು ಖಾಲಿ ಬಾಟಲಿ ಮುಚ್ಚಳ ಬಿಗಿದು ಕಟ್ಟಿ ಎಸೆದರೂ ತೇಲುತ್ತದೆ.

ಹುಲ್ಲಿನಲ್ಲಿ ಕಾಲಿಡುವ ಮುಂಚೆ ಕೋಲಿನಿಂದ ತಟ್ಟಿ. ಕೊಳಕುಮಂಡಲ ಓಡುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ಹಾವು ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಕೈಕಾಲು ಅಲ್ಲಾಡದ ಹಾಗೆ ಮಾಡಿ, ನೇರ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ನಾಟಿ ಔಷಧಿಗೆ ಅಂತ ಸುತ್ತಿ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ, ಸಿಗ್ನಲ್ ಇಲ್ಲದಿದ್ದರೆ ಗಾಡಿ ಹೊರಡಿಸಿ.

ತಾಂಡಾದವ
ಹೆಜ್ಜೇನೂ ಇವೆ. ಮರದ ಕೆಳಗೆ ಕೂರುವ ಮುಂಚೆ ಮೇಲೆ ನೋಡಿ. ಸೆಂಟ್ ಹಾಕಿಕೊಂಡು ಬರಬೇಡಿ, ಹೊಗೆ ಮಾಡಬೇಡಿ.

ಚಿಂಚೋಳಿ_ಬಸ್ಸು
ಬಸ್ಸಿನ ವಿಷಯ. ಕಲಬುರಗಿ ಕೇಂದ್ರ ಬಸ್ ನಿಲ್ದಾಣದಿಂದ ಚಿಂಚೋಳಿಗೆ ಸಾರಿಗೆ ಬಸ್ಸು ಇವೆ. 80 ಕಿ.ಮೀ. ಮೇಲೆ ಆಗುತ್ತದೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ದುಡ್ಡಿಲ್ಲ, ಗುರುತಿನ ಚೀಟಿ ಇಟ್ಟುಕೊಳ್ಳಲು ಹೇಳಿ. ಆದರೆ ಚಿಂಚೋಳಿಯಿಂದ ಮುಂದೆ ಡ್ಯಾಮ್‌ಗೆ ಬಸ್ಸು ನಂಬಿ ಹೋಗಬೇಡಿ. ತಂಗಿಯನ್ನು ಚಿಂಚೋಳಿ ಬಸ್ ನಿಲ್ದಾಣದಲ್ಲೇ ನಿಮ್ಮ ಗಾಡಿಗೆ ಹತ್ತಿಸಿಕೊಳ್ಳಿ. ಪೆಟ್ರೋಲ್, ಕುಡಿಯುವ ನೀರು, ಮಾತ್ರೆ ಏನಿದ್ದರೂ ಚಿಂಚೋಳಿಯಲ್ಲೇ ತೆಗೆದುಕೊಳ್ಳಿ.

ರಾಜಾಪುರ_ಹುಡುಗಿ
ಕಮಲಾಪುರ ಕಡೆಯಿಂದ ಹೋದರೆ ಕೆಂಪು ಬಾಳೆಹಣ್ಣು ತೆಗೆದುಕೊಳ್ಳಿ. ರಸ್ತೆ ಬದಿಯೇ ಮಾರುತ್ತಾರೆ. ಒಂದು ತಿಂದರೆ ಹೊಟ್ಟೆ ತುಂಬುತ್ತದೆ.

ಯರಿಹೊಲ
ಬಾಳೆಹಣ್ಣಿಗೋಸ್ಕರ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋದರೆ ಸುತ್ತು. ಮಹಾಗಾಂವ್ ಕ್ರಾಸ್ ಹತ್ತಿರ ಬಲಕ್ಕೆ ತಿರುಗುವುದು ಸಮೀಪ.

ರಾಜಾಪುರ_ಹುಡುಗಿ
ಸುತ್ತಾದರೂ ಸರಿ. ಆ ಹಣ್ಣು ಬೇರೆ ಕಡೆ ಅದೇ ರುಚಿ ಬರಲ್ಲ.

ಜೋಳದರೊಟ್ಟಿ
ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಕೆಡುವುದಿಲ್ಲ, ಚೆಲ್ಲುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಬಟ್ಟೆಯಲ್ಲಿ ರೊಟ್ಟಿ ಸುತ್ತಿ. ಬಿಟ್ಟು ಬರುವಂಥದ್ದು ಒಂದೂ ಇರಲ್ಲ. ಚಿಪ್ಸ್ ಪಾಕೆಟ್ ಮನೆಯಲ್ಲೇ ಬಿಡಿ.

ಬೈಕ್_ಸವಾರ
ಮಿರ್ಚಿ ಭಜಿ ಇಲ್ಲದೆ ಪಿಕ್ನಿಕ್ಕಾ ಅಕ್ಕಾ?

ಜೋಳದರೊಟ್ಟಿ
ಚಿಂಚೋಳಿಯಲ್ಲೇ ಬಿಸಿ ಬಿಸಿ ತಿಂದು ಹೋಗಿ ತಮ್ಮಾ. ತಣ್ಣಗಾದ ಮಿರ್ಚಿ ಯಾರಿಗೂ ಬೇಡ.

ಮುಲ್ಲಾಮಾರಿ
ತೊಗರಿನಾಡು ಅವರೇ, ಹೊತ್ತಿನ ಬಗ್ಗೆ. ಕಲಬುರಗಿ ಬೆಳಿಗ್ಗೆ 6ಕ್ಕೆ ಬಿಡಿ. ಚಿಂಚೋಳಿಯಲ್ಲಿ ನಾಷ್ಟಾ, ಅನುಮತಿ ವಿಚಾರಣೆ ಮುಗಿಸಿ ಬಿಸಿಲು ಏರುವ ಮುಂಚೆ ನೀರಿನ ಹತ್ತಿರ ಇರಬೇಕು. ಮೊದಲು ಅವ್ವನ ಜತೆ ಎಲ್ಲರೂ ಒಡ್ಡಿನ ಹತ್ತಿರದ ಸಮ ಭಾಗದಲ್ಲಿ ನಡೆಯಿರಿ. ಅರ್ಧ ತಾಸು ಹೋಗಿ, ಅಲ್ಲಿ ಕುಳಿತು, ಅದೇ ದಾರಿಯಲ್ಲಿ ಬನ್ನಿ. ಗುಡ್ಡದ ನೆರಳು ನೀರಿನಲ್ಲಿ ಚೆನ್ನಾಗಿ ಕಾಣುವುದು ಗಾಳಿ ಏಳುವ ಮುಂಚೆ ಮಾತ್ರ. ಹತ್ತು ಗಂಟೆ ಮೇಲೆ ಅಲೆ ಶುರು ಆಗುತ್ತದೆ. ಆಮೇಲೆ ಅವ್ವ, ತಂಗಿ ನೆರಳಲ್ಲಿ ಕುಳಿತಿರಲಿ. ದೊಡ್ಡ ಮಗಳನ್ನು ಕರೆದುಕೊಂಡು ನೀವು ಇನ್ನೊಂದು ಸ್ವಲ್ಪ ಮುಂದೆ ಹೋಗಬಹುದು, ಊರಿನವರು ಯಾರಾದರೂ ಜತೆಗಿದ್ದರೆ. ಚಿಕ್ಕವನನ್ನು ಬೇಡ. ಮಧ್ಯಾಹ್ನ ಊಟ ಮಾಡಿ 4ಕ್ಕೆ ಹೊರಡಿ.

ವಾಪಸ್ ಬರುವಾಗ ಸೇಡಂ ಮೇಲೆ ಬಂದರೆ ಮಳಖೇಡ ಸಿಗುತ್ತದೆ. ಕಾಗಿಣಾ ದಂಡೆಯ ಕೋಟೆ, ರಾಷ್ಟ್ರಕೂಟರ ರಾಜಧಾನಿ. ಅವ್ವನಿಗೆ ದಣಿವಾಗಿದ್ದರೆ ಬಿಡಿ, ಅದು ಎಲ್ಲಿಗೂ ಹೋಗಲ್ಲ.

ಗುಡ್ಡದಾಚೆ
ಒಂದು ಕೋರಿಕೆ. ಅಲ್ಲಿ ವಯಸ್ಸಾದವರಿಗೆ ಏನೇನು ಅನುಕೂಲ ಇದೆ, ಏನಿಲ್ಲ ಅಂತ ನೋಡಿ ಬಂದು ಬರೆಯಿರಿ. ನಾನು ಒಂದು ಮನವಿ ಬರೆಯುತ್ತೇನೆ. ಶೌಚಾಲಯ, ನೆರಳು, ತುಂಡು ದಾರಿ, ತಾಂಡಾ ಹುಡುಗರಿಗೆ ಗೈಡ್ ತರಬೇತಿ. ಈ ನಾಲ್ಕೇ ವಿಷಯ. ಹಕ್ಕಿನೋಟ ಸರ್, ನೀವು ಸಹಿ ಹಾಕುತ್ತೀರಾ?

ಹಕ್ಕಿನೋಟ
ದೀಪ ಬೇಡ, ಸ್ಪೀಕರ್ ಬೇಡ, ಸಂಜೆ ಮೇಲೆ ಪ್ರವೇಶ ಬೇಡ ಅಂತ ಐದನೆಯದು ಸೇರಿಸಿದರೆ ಹಾಕುತ್ತೇನೆ.

ಗುಡ್ಡದಾಚೆ
ಸೇರಿಸಿದೆ. ಕರಡು ಇಲ್ಲೇ ಹಾಕುತ್ತೇನೆ, ಎಲ್ಲರೂ ತಿದ್ದಿ.

ತಾಂಡಾದವ
ಮನವಿಯಲ್ಲಿ ದನ ನೀರಿಗೆ ಇಳಿಯುವ ಜಾಗಕ್ಕೆ ಬೇಲಿ ಹಾಕಬಾರದು ಅಂತಲೂ ಬರೆಯಿರಿ ಸರ್. ಅದು ಹೋದರೆ ನಮಗೆ ಕಷ್ಟ.

ತೊಗರಿನಾಡು ಸರ್, ದೀಪಾವಳಿ ಹೊತ್ತಿಗೆ ಸೀತಾಫಲ ಇರುತ್ತವೆ. ನಮ್ಮ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಇಟ್ಟುಕೊಂಡು ರಸ್ತೆ ಬದಿ ಕುಳಿತಿರುತ್ತಾರೆ. ಕಣ್ಣು ಬಿಚ್ಚಿದ, ಸಂದು ಬಿಳಿಯಾದ ಕಾಯಿ ಆರಿಸಿ, ಎರಡು ದಿನಕ್ಕೆ ಹಣ್ಣಾಗುತ್ತದೆ. ಅವತ್ತೇ ತಿನ್ನಲು ಬೇಕು ಅಂದರೆ ಕೇಳಿ, ಮೆತ್ತಗಾದದ್ದು ಬೇರೆ ಇಟ್ಟಿರುತ್ತಾರೆ.

ರಾಜಾಪುರ_ಹುಡುಗಿ
ಬುಟ್ಟಿಗೆ ಎಷ್ಟು ಅಣ್ಣಾ?

ತಾಂಡಾದವ
ಆ ವರ್ಷದ ಮಳೆ ನೋಡಿ ಹೇಳುತ್ತಾರೆ ತಂಗಿ. ಚೌಕಾಸಿ ಜಾಸ್ತಿ ಮಾಡಬೇಡಿ.